ವೆಲ್ಡಾ ಹಾಕಿದ ದೊಡ್ಡ ಬೋರ್ಡು

ಟೆಕ್ಸಸ್ಸಿನ ನಮ್ಮೂರಲ್ಲಿ ಹೆದ್ದಾರಿ ಪಕ್ಕ ಬೇಕರಿ ನಡೆಸುವ ವೆಲ್ಡಾ ಮಿಕುಲಿಕ್ ಮಹಾ ಸಂಕೋಚದವಳು. ಕಾಫಿ ಆರಿದೆ ಎಂದು ಗೊಣಗಿದವನಿಗೆ ಬಿಸಿ ಕಾಫಿಯ ಜೊತೆ ಒಂದು ಹಣ್ಣಿನ ಬನ್ನನ್ನೂ ಕೊಟ್ಟು, ತಾನೇ ಕ್ಷಮೆ ಕೇಳುವ ಜಾತಿ. ನಾನು ಎಷ್ಟೋ ಸಲ ಬನ್ನಿನಾಸೆಗೇ ಗೊಣಗಿದ್ದುಂಟು.

ಬೆಳಗಾದರೆ ಕಿಟಕಿ ಪಕ್ಕದ ಮೇಜು ನಮ್ಮದು. ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡ ಮುದುಕರ ದಂಡು. ಪಿಸ್ತೂಲಿಗೆ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ. ವೆಲ್ಡಾಳ ಅಣ್ಣ ಎಲ್‌ರಾಯ್ ನಮ್ಮ ಯಜಮಾನ. ಹೆಂಡತಿ ತೀರಿಕೊಂಡ ಮೇಲೆ ಅವನು ಹೊಟ್ಟೆ ತುಂಬ ತಿನ್ನುತ್ತಿದ್ದದ್ದು ಇಲ್ಲೇ.

ಒಂದು ದಿನ ಅವನು ಬೇಕರಿಗಿರುವ ಒಂದೇ ಶೌಚಾಲಯದಿಂದ ಬಂದ ಮೇಲೆ ನಾನು ಹೋದರೆ, ಫ್ಲಶ್ ತೊಟ್ಟಿಯ ಮೇಲೆ ಅವನ ಪಿಸ್ತೂಲು. ಕೂರುವಾಗ ಬಿಚ್ಚಿಟ್ಟು ಏಳುವಾಗ ಮರೆಯುವುದು ನಮ್ಮಲ್ಲಿ ಹೊಸದೇನಲ್ಲ. ತಂದು ವೆಲ್ಡಾಗೆ ಕೊಟ್ಟೆ. ಅವಳು ಬನ್ನಿನ ಡಬ್ಬಿಯಲ್ಲಿಟ್ಟು ಅಣ್ಣನಿಗೆ ದಾಟಿಸಿದಳು. "ಇನ್ನು ಮರೆಯಲ್ಲ ಬಿಡು" ಎಂದು ನಕ್ಕ. ವಾರದೊಳಗೆ ಅದೇ ಜಾಗ, ಅದೇ ಪಿಸ್ತೂಲು. ಈ ಸಲ ಸಿಕ್ಕಿದ್ದು ಶಾಲೆಗೆ ಹೊರಟಿದ್ದ ಒಂದು ಹುಡುಗಿಗೆ. ಪುಣ್ಯಕ್ಕೆ ಅವಳು ಮುಟ್ಟದೆ ಬಂದು ಹೇಳಿದಳು. ವೆಲ್ಡಾ ತಾನೇ ಹೋಗಿ ಅದನ್ನು ತಂದು ಮತ್ತೆ ಅಣ್ಣನ ಕೈಗಿಟ್ಟಳು.

ಮರುದಿನ ಬಾಗಿಲಿಗೊಂದು ಚೀಟಿ: ದಯವಿಟ್ಟು ಪಿಸ್ತೂಲು ತರಬೇಡಿ.

ಎಲ್‌ರಾಯ್ ಕನ್ನಡಕ ಏರಿಸಿದ. "ಇದು ನಡೆಯಲ್ಲ ಕಣೇ. ಅಂಗಡಿ ನಿಂದು, ಬೇಡ ಅನ್ನೋ ಹಕ್ಕೂ ನಿಂದೇ. ಆದ್ರೆ ಕಾನೂನು ಪ್ರಕಾರ ಅಕ್ಷರ ಒಂದಿಂಚು ಎತ್ತರ ಇರ್ಬೇಕು, ಇಂಗ್ಲಿಷು, ಸ್ಪ್ಯಾನಿಷು ಎರಡರಲ್ಲೂ. ಇಲ್ಲಾ, ಎದುರಿಗೆ ನಿಂತು ಬಾಯಲ್ಲಿ ಹೇಳ್ಬೇಕು. ಹೇಳು ನೋಡೋಣ."

"ಇನ್ನೊಂದು ಕಾಫಿ ಕೊಡ್ಲಾ?" ಎಂದಳು ವೆಲ್ಡಾ.

ಒಬ್ಬ ಅಣ್ಣನಿಗೆ ಹೇಳಲಾರದೆ ಇಡೀ ಊರಿಗೇ ಹೇಳಿದಳು ಪುಣ್ಯಾತ್ಗಿತ್ತಿ. ಕಾನೂನಿನ ಮಾತು ಒಂದಕ್ಷರ ಬಿಡದೆ ಬರೆಸಿದ ಬೋರ್ಡು ಬಂತು. ನಮ್ಮ ಕಿಟಕಿ ಅರ್ಧ ಮುಚ್ಚಿತು. ನಾವು ಹಲ್ಲು ಕಡಿಯುತ್ತಲೇ ಪಿಸ್ತೂಲುಗಳನ್ನು ಗಾಡಿಯಲ್ಲಿಟ್ಟು ಬಂದೆವು. ಎಲ್‌ರಾಯ್ ಮಾತ್ರ ತನ್ನ ಗಾಡಿಯಲ್ಲೇ ಮುಖ ಊದಿಸಿಕೊಂಡು ಕೂತ. "ಅವನಿಗೊಂದು ಕಾಫಿ ಕೊಡು, ನಾನೇ ಒಯ್ತೀನಿ" ಎಂದೆ.

"ಒಳಗೆ ಬಂದ್ರೆ ಕೊಡ್ತೀನಿ" ಎಂದಳು. ಅವಳ ಬಾಯಲ್ಲಿ ಇಲ್ಲ ಅನ್ನುವ ಅರ್ಥದ ಮಾತು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಒಳಗೆ ಹೋಗಿ ಅತ್ತಳು. ಅಣ್ಣ ಹೀಗೇ ದೂರವಾಗಿಬಿಟ್ಟರೆ ಎಂಬ ಭಯದಲ್ಲಿ ಅವತ್ತು ಬನ್ನುಗಳೆಲ್ಲ ಸೀದವು. ನಾವು ತೆಪ್ಪಗೆ ತಿಂದೆವು.

ಕೊನೆಗೊಂದು ಬೆಳಗ್ಗೆ ಎಲ್‌ರಾಯ್ ಒಳಗೆ ಬಂದ, ಪಿಸ್ತೂಲಿಲ್ಲದ ಬರಿ ಸೊಂಟದಲ್ಲಿ. ಸೋತೆಯಾ ಎಂದು ಚುಡಾಯಿಸಲು ನಾನು ಬಾಯಿ ತೆರೆದಿದ್ದೆ.

"ವೆಲ್ಡಾ," ಎಂದ, "ಗಾಡೀಲಿಟ್ಟು ಬರೋಣ ಅಂತ ನೋಡಿದ್ರೆ ಪಿಸ್ತೂಲೇ ಇಲ್ಲ. ಎಲ್ಲಿಟ್ಟೆ ಅಂತ ನೆನಪಾಗ್ತಿಲ್ಲ. ಮುಂಚೆ ಯಾವಾಗ್ಲಾದ್ರೂ ಹೀಗಾಗಿತ್ತಾ?"

ವೆಲ್ಡಾ ಕೈ ಒರೆಸಿಕೊಂಡು ಬಂದು ಅವನೆದುರು ನಿಂತಳು.

"ಆಗಿತ್ತು ಕಣೋ. ಇಲ್ಲೇ, ಎರಡು ಸಲ. ಇನ್ಮೇಲೆ ಅದು ನಿನ್ನ ಹತ್ರ ಬೇಡ."

ಅವನು ತನ್ನ ಮನೆಯ ಬೀಗದ ಕೈ ತೆಗೆದು ಅವಳ ಅಂಗೈಲಿಟ್ಟ. "ನೀನೇ ಹೋಗಿ ಹುಡುಕು. ಸಿಕ್ರೆ ಎಲ್ಲಿಡ್ತೀಯ ಅಂತ ನಂಗೆ ಹೇಳ್ಬೇಡ."