ಮುಟ್ಟಿ ಆಡಿದ ಮಾತು

ನಮ್ಮ ಮನೆಯಲ್ಲಿ ಮಾತಾಡುವ ಮುಂಚೆ ಏನನ್ನಾದರೂ ಮುಟ್ಟಬೇಕಿತ್ತು. ಅಡುಗೆಯ ಮಾತಾದರೆ ರೊಟ್ಟಿ ಹಂಚು, ಹೊಲದ್ದಾದರೆ ಗೋಡೆಗೆ ಸಿಕ್ಕಿಸಿದ ಕುಡಗೋಲು, ಕುರಿಗಳದ್ದಾದರೆ ಅಪ್ಪನ ಕಂಬಳಿ, ನನ್ನ ಶಾಲೆಯದ್ದಾದರೆ ಪಾಟಿಚೀಲ. ನಮ್ಮೂರು ಮಸರಕಲ್ಲಿನ ಎಲ್ಲ ಮನೆಗಳಲ್ಲೂ ಹೀಗೇ ಇರುತ್ತದೆ ಅಂತ ನಾನು ಬಹಳ ದಿನ ತಿಳಿದಿದ್ದೆ. ಗೆಳತಿಯ ಮನೆಯಲ್ಲಿ ಕಾದ ಹಂಚು ಮುಟ್ಟಿ, ಬೆರಳು ಸುಟ್ಟುಕೊಂಡು, "ಹಸಿವಾಗ್ಯಾದ" ಎಂದು ಅತ್ತಿದ್ದೆ. ಅವಳ ತಾಯಿ ನಕ್ಕು ನಕ್ಕು ಸುಸ್ತಾದಳು.

ಕಾರಣ ಅವ್ವನ ಕಿವಿ. ನಾನು ಚಿಕ್ಕವಳಿದ್ದಾಗಲೇ ಅದು ಮಂದವಾಗತೊಡಗಿತ್ತು. ಬಾಗಿಲಲ್ಲಿ ನಿಂತು ಏನಾದರೂ ಒದರಿದರೆ ಅವ್ವ ನನ್ನ ತುಟಿಗಳನ್ನೇ ನೋಡುತ್ತಾ ಎಲ್ಲೋ ಕಳೆದುಹೋಗುತ್ತಿದ್ದಳು. ಒಂದು ದಿನ ಅಪ್ಪ ರೇಗಿದ: "ಯಾವ ಮಾತು ಅಂತ ಮೊದ್ಲ ತೋರ್ಸು, ಆಮ್ಯಾಲ ಬಾಯಿ ತಗಿ." ಅಂದಿನಿಂದ ಶುರುವಾಯಿತು. ಕುಡಗೋಲು ಮುಟ್ಟಿದರೆ ಸಾಕು, ಅವ್ವನ ಕಣ್ಣಲ್ಲಿ ಹೊಲ ಹರಡಿಕೊಳ್ಳುತ್ತಿತ್ತು. ಹತ್ತಿ, ಕಳೆ, ಮೋಡ, ಪಕ್ಕದ ಬದುವಿನವರ ಜಗಳ ಎಲ್ಲವೂ ಎದ್ದು ತಯಾರಾಗಿ ನಿಲ್ಲುತ್ತಿದ್ದವು. ನನ್ನ ಬಾಯಿಂದ ಅರ್ಧ ಮಾತು ಬರುವಷ್ಟರಲ್ಲಿ ಉಳಿದರ್ಧ ಅವಳ ಬಳಿಯೇ ಇರುತ್ತಿತ್ತು.

ನಾನು ಮೇಷ್ಟ್ರ ಕೆಲಸಕ್ಕೆ ಓದುತ್ತಿದ್ದ ಕಾಲಕ್ಕೆ ಅವಳನ್ನು ರಾಯಚೂರಿನ ಕಿವಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಳಿಯೂ ಆಡದಂಥ ಸಣ್ಣ ಕೋಣೆ. ಪರೀಕ್ಷೆ ಮಾಡುವ ಹುಡುಗಿ ಬಾಯಿಗೆ ಕಾಗದ ಅಡ್ಡ ಹಿಡಿದು ಒಂದೊಂದೇ ಪದ ಹೇಳಿದಳು. ಅವ್ವನಿಗೆ ಒಂದೂ ದಕ್ಕಲಿಲ್ಲ. ಹೊರಗೆ ಬಂದಾಗ ಅವಳ ಕಣ್ಣು ತುಂಬಿ ಬಂದಿತ್ತು. "ಹೊಲದ್ದಲ್ಲ, ಮನೀದಲ್ಲ. ಎಲ್ಲಿಂದ ಬಂದಾವು ಅಂತ ಗೊತ್ತಿಲ್ಲದ ಮಾತು ಹ್ಯಾಂಗ ಹಿಡೀಲಿ ಯವ್ವಾ?" ಹುಡುಗಿ ಒಳ್ಳೆಯವಳು. ಮತ್ತೆ ಒಳಗೆ ಕೂರಿಸಿ, ಕಾಗದ ತೆಗೆದು, "ಅಮ್ಮಾರೀ, ಈಗ ಅಡಗಿ ಮಾತು ಆಡೂಣು" ಅಂದಳು. ಅವ್ವ ಮುಕ್ಕಾಲು ಪಾಲು ಹೇಳಿಬಿಟ್ಟಳು. ಆಮೇಲೆ ನನಗೆ ಬಿಡಿಸಿ ಹೇಳಿದಳು: ಕಿವಿ ಒಳಗೆ ಕಳಿಸುವುದು ಚೂರುಪಾರು ಮಾತ್ರವಂತೆ. ಹಿಂದಿನ ಮಾತು ಹಿಡಿದು ಮುಂದಿನದು ಏನಿದ್ದೀತು ಅಂತ ಮೆದುಳು ಮೊದಲೇ ಅಂದಾಜು ಕಟ್ಟಿಕೊಂಡಿರುತ್ತದಂತೆ, ಎಲ್ಲರಲ್ಲೂ. ನಮ್ಮ ಮನೆಯ ಹುಚ್ಚಾಟಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಅವ್ವನಿಗೆ ಕೊಟ್ಟ ಕಿವಿ ಮಿಷಿನ್ ಮಾತ್ರ ಡಬ್ಬಿ ಸೇರಿತು. ಹಾಕಿಕೊಂಡರೆ ಬಸ್ಸು, ಕಾಗೆ, ಪಾತ್ರೆ ಎಲ್ಲ ಒಟ್ಟಿಗೆ ನುಗ್ಗುತ್ತವೆ ಅಂತ ಅವಳ ತಕರಾರು.

ಆಮೇಲೆ ನಾನು ಪೋತ್ನಾಳದ ಶಾಲೆಯಲ್ಲಿ ಪಾಠ ಮಾಡುತ್ತಾ ವರ್ಷಗಳು ಕಳೆದವು. ಮಧ್ಯಾಹ್ನದ ಹೊತ್ತು, ಗದ್ದೆಯ ಮೇಲಿಂದ ಬರುವ ತೇವದ ಗಾಳಿಗೆ, ಹಿಂದಿನ ಸಾಲಿನ ಮಕ್ಕಳ ದನಿ ದೂರದೂರ ಹೋಗುತ್ತಿತ್ತು. ನಿದ್ದೆಯ ಅಂಚಿನಲ್ಲಿ ಕೇಳಿದ ಹಾಗೆ ಮಾತಿನ ಬಾಲ ಅಷ್ಟೇ ಸಿಗುತ್ತಿತ್ತು. ಸುಖವೆನಿಸುತ್ತಿತ್ತು ಎಂದು ಹೇಳಲು ನಾಚಿಕೆ. ಸಿಕ್ಕಷ್ಟಕ್ಕೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ.

ಒಂದು ಸೋಮವಾರ ಹಿಂದಿನ ಸಾಲಿನ ಹುಡುಗಿಯನ್ನು ಪದ್ಯ ಬಾಯಿಪಾಠ ಆಯಿತೇ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ ಏನೋ ಹೇಳಿದಳು. "ಭಾಳ ಚಲೋ ಆತು!" ಅಂದೆ, ನಗುತ್ತಾ. ಇಡೀ ತರಗತಿ ನನ್ನನ್ನೇ ನೋಡಿತು. ಪಕ್ಕದವಳು ಎದ್ದು ಬಂದು ಹತ್ತಿರ ನಿಂತು ಹೇಳಿದಳು: "ಟೀಚರ್, ಅಕಿ ಅಜ್ಜಿ ಸತ್ತಾರಂತ್ರಿ."

ಪದ್ಯ ಕೇಳಿದ್ದೆನಲ್ಲ, ಪದ್ಯದ ಉತ್ತರವನ್ನೇ ನನ್ನ ಮೆದುಳು ಹೆಣೆದು ಕೊಟ್ಟಿತ್ತು. ಆ ಮಗುವನ್ನು ತಬ್ಬಿ ತಪ್ಪಾಯಿತು ಅಂದೆ. ಆದರೆ ಅವಳು ನನ್ನನ್ನು ನೋಡಿದ ರೀತಿ ಎದೆಯಿಂದ ಹೋಗಲಿಲ್ಲ.

ಶನಿವಾರ ರಾಯಚೂರಿನ ಅದೇ ಸಣ್ಣ ಕೋಣೆಯಲ್ಲಿ ಕೂತೆ. ಪದಗಳು ಒಂದೊಂದೇ ಬಂದು, ಮುಖ ತೋರಿಸದೆ ಹೋದವು. ಅವ್ವನದೇ ಕಿವಿ ನನಗೂ ಬಂದಿದೆ ಎಂದರು ಪರೀಕ್ಷೆ ಮಾಡಿದವರು. "ಮಿಷಿನ್ ಹಾಕ್ಕೊಂಡ್ರೂ ಪೂರಾ ಬರೂದಿಲ್ರಿ ಟೀಚರ್, ಉಳಿದದ್ದು ತಲೀನ ತುಂಬ್ಕೋಬೇಕು." ಮಕ್ಕಳ ದುಃಖವನ್ನು ಅಂದಾಜಿನಲ್ಲಿ ತುಂಬಿಕೊಳ್ಳುವುದೇ? ಕೆಲಸ ಬಿಡುವುದೆಂದು ಬಸ್ಸಿನಲ್ಲೇ ತೀರ್ಮಾನಿಸಿದೆ. ಭಯವಾಗಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಮಸರಕಲ್ಲಿನಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕೂತೆ, ತೊಡೆಯ ಮೇಲೆ ಶಾಲೆಗೆ ಒಯ್ಯುವ ನನ್ನ ಚೀಲ, ಅದರೊಳಗೆ ರಾಯಚೂರಿನ ಚೀಟಿ. ಏನು ಮುಟ್ಟಿ ಈ ಮಾತು ಆಡಲಿ? ಮನೆಯ ವಸ್ತುಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಇದಕ್ಕೆ ಒಂದೂ ಇರಲಿಲ್ಲ. ಅವ್ವ ಓಣಿಯ ಸುದ್ದಿ ಹೇಳುತ್ತಲೇ ಇದ್ದಳು. ಬೆಳಕಿಂಡಿಯ ಬಿಸಿಲಲ್ಲಿ ಹಿಟ್ಟಿನ ಧೂಳು ತೇಲುತ್ತಿತ್ತು, ಅವಳ ತುಟಿಗಳು ಆಡುತ್ತಿದ್ದವು, ನಾನು ಅವುಗಳ ಹಿಂದೆಯೇ ಹೋಗುತ್ತಿದ್ದೆ.

ಬಡಿಯುವ ಕೈ ನಿಂತಿತು.

"ನನ್ನ ಬಾಯಿ ಯಾಕ ನೋಡಾಕತ್ತಿ?"

ನಾನು ತಡವಾಗಿ ತಲೆ ಎತ್ತಿದೆ. ಆ ನೋಟ ಎಂಥದು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಸಾಲಿ ಬಿಡ್ತೀನಿ ಯವ್ವಾ" ಅಂದೆ, ಏನನ್ನೂ ಮುಟ್ಟದೆ.

ಅವ್ವ ಒಲೆಯ ಉರಿ ತಗ್ಗಿಸಿ, ಸರಿದು ಬಿಸಿಲಿಗೆ ಮುಖ ಕೊಟ್ಟು ಕೂತಳು. ಹಿಟ್ಟಿನ ಕೈ ಚಾಚಿ ನನ್ನ ತೊಡೆಯ ಮೇಲಿನ ಚೀಲದ ಮೇಲೆ ಇಟ್ಟಳು. ನನ್ನ ಜೊತೆ ಮಾತಾಡಲು ಅವಳು ಏನನ್ನಾದರೂ ಮುಟ್ಟಿದ್ದು ಅದೇ ಮೊದಲ ಸಲ.

"ಬಿಡಬ್ಯಾಡ. ಹುಡುಗ್ರಿಗೂ ಮುಟ್ಟೂದು ಕಲಿಸು."

ನಿಧಾನವಾಗಿ, ಒಂದೊಂದೇ ಪದ. ಎಲ್ಲವೂ ಕಿವಿಗೆ ಬಿದ್ದವೋ, ಅರ್ಧವನ್ನು ನಾನೇ ತುಂಬಿಕೊಂಡೆನೋ ಈಗಲೂ ಗೊತ್ತಿಲ್ಲ. ಸೋಮವಾರ ಆ ಹಿಟ್ಟಿನ ಗುರುತಿದ್ದ ಚೀಲವನ್ನೇ ಹಿಡಿದು ತರಗತಿಗೆ ಹೋದೆ.