ನನ್ನನ್ನು ಕರೆಯಲು ಬಂದಿದ್ದ ತಮ್ಮ

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ಖಾಲಿ ಹಾಸಿಗೆಯ ಪಕ್ಕದ ಕರೆಗಂಟೆ ತಾನಾಗಿ ಬಾರಿಸಿಕೊಂಡಿತು, ಕೊನೆಯ ಕೋಣೆಯಲ್ಲಿ ಯಾರೋ ಕೂತಿದ್ದರು ಎನ್ನುವ ನರ್ಸುಗಳನ್ನು ನಾನು ಗೋವಾದಲ್ಲೂ ಕಂಡಿದ್ದೇನೆ, ಈಗ ಕೆಲಸ ಮಾಡುವ ಇಂಗ್ಲೆಂಡಿನಲ್ಲೂ ಕಂಡಿದ್ದೇನೆ. ಗಂಟೆಯ ವೈರು ಸಡಿಲಾಗಿರುತ್ತದೆ, ರಿಪೇರಿ ಮಾಡಿಸಿ ಎಂದು ಹೇಳಿ ಮುಂದಿನ ರೋಗಿಯ ಕಡೆ ಹೋಗುವವಳು ನಾನು. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಗೋವಾದ ವಿಮಾನ ನಿಲ್ದಾಣದಲ್ಲಿ ನನಗೇ ಒಂದು ಅನುಭವವಾಯಿತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಕಟ್ಟಡ ಕಟ್ಟುವ ಗೌಂಡಿ ಕೆಲಸಕ್ಕೆಂದು ಗೋವಾಕ್ಕೆ ಬಂದು ಕೆಪೆಯಲ್ಲಿ ನೆಲೆ ನಿಂತವರು. ಅವರು ತೀರಿಕೊಂಡ ಮೇಲೂ ಅವ್ವ ಅಲ್ಲೇ ಉಳಿದಳು, ತಮ್ಮ ಮಲ್ಲಪ್ಪನ ಜೊತೆಗೆ. ಮಲ್ಲು ಟೆಂಪೊ ಓಡಿಸುತ್ತಾನೆ. ಜಲ್ಲಿ, ಸಿಮೆಂಟು, ಮದುವೆ ಮನೆಯ ಕುರ್ಚಿ, ಏನು ಸಿಕ್ಕರೂ ಹೇರುತ್ತಾನೆ. ಆ ವಾರ ಅವನ ಫೋನು ಬಂದಾಗ ನಾನು ಕೆಲಸದಲ್ಲಿದ್ದೆ. “ಅಕ್ಕಾ, ಅವ್ವ ಬಚ್ಚಲದಾಗ ಜಾರಿ ಬಿದ್ದಾಳ. ಟೊಂಕದ ಎಲುಬು ಮುರದೈತಿ. ಆಪರೇಶನ್ ಮಾಡಬೇಕಂತ. ನೀ ಬಾ,” ಎಂದ. ರಜೆ ಪಡೆದು ಸಿಕ್ಕ ವಿಮಾನ ಹತ್ತಿದೆ. ಕರೆಯಲು ತಾನೇ ಬರುತ್ತೇನೆಂದು ಅವನು ಹೇಳಿದ್ದ.

ರಾತ್ರಿಯಿಡೀ ಪ್ರಯಾಣ. ನಿದ್ದೆ ಬರಲಿಲ್ಲ, ನಿಜ. ಆದರೆ ರಾತ್ರಿ ಪಾಳಿ ನನಗೆ ಹೊಸದಲ್ಲ. ನಿದ್ದೆಗೆಟ್ಟು ಔಷಧಿಯ ಪ್ರಮಾಣ ಲೆಕ್ಕ ಹಾಕಿದವಳು ನಾನು, ಒಮ್ಮೆಯೂ ತಪ್ಪಿಲ್ಲ. ಆದ್ದರಿಂದ ದಣಿವಿನಲ್ಲಿ ಏನೋ ಕಂಡಿರಬೇಕು ಎಂದು ಯಾರಾದರೂ ಹೇಳಿದರೆ ನಾನು ಸುಲಭವಾಗಿ ಒಪ್ಪುವುದಿಲ್ಲ.

ಸಾಮಾನು ತೆಗೆದುಕೊಂಡು ಹೊರಬಂದಾಗ ಬಿಸಿಲು ಚೆನ್ನಾಗಿಯೇ ಏರಿತ್ತು. ಆಗಮನದ ಹಾಲಿನಲ್ಲಿ ಹೋಟೆಲುಗಳವರು ಹೆಸರಿನ ಹಲಗೆ ಹಿಡಿದು ನಿಂತಿದ್ದರು. ಒಂದು ಮಗು ಅಜ್ಜಿಯ ಕೊರಳಿಗೆ ಜೋತುಬಿದ್ದು ಅಳುತ್ತಿತ್ತು. ಮಲ್ಲು ಕಂಬದ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು ಬಂದ. ಗಡ್ಡ ಬೋಳಿಸಿರಲಿಲ್ಲ, ಕಣ್ಣುಗಳು ಕೆಂಪಗಿದ್ದವು. ಯಾವಾಗಲೂ ನನ್ನ ಕೈಯಿಂದ ಚೀಲ ಕಿತ್ತುಕೊಳ್ಳುವವನು ಅವತ್ತು ಕೈಯನ್ನೇ ಚಾಚಲಿಲ್ಲ. ಅವ್ವನ ಚಿಂತೆಯಲ್ಲಿದ್ದಾನೆ ಅಂದುಕೊಂಡೆ.

“ಹ್ಯಾಂಗ ಅದಾಳೋ?” ಎಂದೆ.

“ಅಕ್ಕಾ, ಮೊದಲ ಈ ಮಾತ ಕೇಳು. ಅವ್ವ ಮೊಣಕಾಲ ನೋವಿಗೆ ಸಂತಿಯೊಳಗಿನ ಪುಡಿ ತಿನ್ನಾಕತ್ತಾಳ. ಭಾಳ ದಿನಾ ಆತು. ಮನ್ಯಾಗ ತಲಿದಿಂಬಿನ ಚೀಲದಾಗ ಮುಚ್ಚಿ ಇಟ್ಟಾಳ. ಡಾಕ್ಟರಗ ಗೊತ್ತಿಲ್ಲ.”

ಇಂಥ ಪುಡಿಗಳಲ್ಲಿ ಕೆಲವೊಮ್ಮೆ ಸ್ಟೆರಾಯ್ಡ್ ಬೆರೆಸಿರುತ್ತಾರೆ. ನೋವು ಬೇಗ ಇಳಿಯುತ್ತದೆ, ಜನ ಬಿಡುವುದಿಲ್ಲ. ತಿಂಗಳುಗಟ್ಟಲೆ ತಿಂದವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ, ಅದರ ಮೇಲೆ ದೊಡ್ಡ ಆಪರೇಶನ್ನೂ ಆದರೆ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ವೈದ್ಯರಿಗೆ ಮೊದಲೇ ತಿಳಿದಿದ್ದರೆ ಒಂದು ಇಂಜೆಕ್ಷನ್ ಕೊಟ್ಟು ಕಾಪಾಡಬಹುದು. ಅವ್ವ ದವಾಖಾನೆ ಸೇರಿದಾಗಿನಿಂದ ಆ ಪುಡಿ ಅವಳ ಹೊಟ್ಟೆಗೆ ಹೋಗಿರಲಾರದು.

“ಯಾವಾಗಿಂದ ತಿನ್ನಾಕತ್ತಾಳ?”

“ಈಗ ಫೋನ್ ಹಚ್ಚು. ನಾ ಗಾಡಿ ತರ್ತೇನಿ,” ಎಂದು ಅವನು ಬಾಗಿಲ ಕಡೆ ನಡೆದ. ಗಾಜಿನ ಬಾಗಿಲು ತೆರೆದುಕೊಂಡದ್ದನ್ನು, ಅವನು ಬಿಸಿಲಿಗೆ ಇಳಿದದ್ದನ್ನು ನಾನು ನೋಡಿದೆ.

ವಿಮಾನದಲ್ಲಿ ಆಫ್ ಮಾಡಿದ್ದ ಮೊಬೈಲನ್ನು ಆಗ ಆನ್ ಮಾಡಿದೆ. ವೈದ್ಯರ ನಂಬರು ನನ್ನ ಹತ್ತಿರ ಇರಲಿಲ್ಲ. ಅದನ್ನು ಕೇಳಲೆಂದೇ ಮಲ್ಲುವಿಗೆ ಫೋನು ಮಾಡಿದೆ. ಇನ್ನೂ ಪಾರ್ಕಿಂಗಿನವರೆಗೂ ಹೋಗಿರಲಾರ ಎಂದುಕೊಂಡಿದ್ದೆ.

“ಅಕ್ಕಾ, ಇಳದೇನು? ನಾ ಕಳಿಸಿದ ಮೆಸೇಜ್ ನೋಡಿದ್ಯಾ? ಆಪರೇಶನ್ ಮುಂಜಾನಿಗೇ ಇಟ್ಟಾರ. ನನಗ ಬರಾಕ ಆಗಲಿಲ್ಲ, ಟ್ಯಾಕ್ಸಿ ಮಾಡ್ಕೊಂಡು ಬಾ. ಅವ್ವನ್ನ ಈಗ ಒಳಗ ಒಯ್ಯಾಕತ್ತಾರ.”

ಅವನ ಹಿಂದೆ ಗಾಲಿಮಂಚದ ಕಿರುಗುಟ್ಟುವಿಕೆ ಕೇಳುತ್ತಿತ್ತು. ಆ ಸದ್ದು ನನಗೆ ನನ್ನ ಉಸಿರಿನಷ್ಟೇ ಪರಿಚಿತ. ನೀನು ಈಗ ಇಲ್ಲೇ ಇದ್ದೆಯಲ್ಲ ಎಂಬ ಮಾತು ತುಟಿಯವರೆಗೆ ಬಂತು. ಅದನ್ನು ಕೇಳಿ ತಿಳಿದುಕೊಳ್ಳಲು ಆಮೇಲೆ ಸಮಯವಿದೆ, ಅವ್ವನಿಗೆ ಇಲ್ಲ ಎಂದು ಮನಸ್ಸು ಹೇಳಿತು. “ಮಲ್ಲೂ, ಅವರನ್ನ ನಿಲ್ಲಸು. ಡಾಕ್ಟರ ಕೈಯಾಗ ಫೋನ್ ಕೊಡು,” ಎಂದೆ.

ಅರಿವಳಿಕೆಯ ವೈದ್ಯೆ ಮಾತಿಗೆ ಬಂದರು. ನಾನು ನರ್ಸ್ ಎಂದು ಹೇಳಿ ಪುಡಿಯ ಸಂಗತಿ ತಿಳಿಸಿದೆ. ಎಷ್ಟು ತಿಂಗಳಿನಿಂದ ಎಂದು ಕೇಳಿದರು. ಗೊತ್ತಿಲ್ಲ, ಅವಳನ್ನೇ ಕೇಳಿ ಎಂದೆ. ಮಲ್ಲು ಅವ್ವನನ್ನು ಕೇಳುವುದು ಫೋನಿನಲ್ಲಿ ಕೇಳಿಸಿತು. ಆಮೇಲೆ ಅವ್ವನ ಸಣ್ಣ ದನಿ: “ಹೋದ ದೀಪಾವಳಿಯಿಂದ ತಿನ್ನಾಕತ್ತೇನಿ.”

ವೈದ್ಯೆ ನನಗೆ ಥ್ಯಾಂಕ್ಸ್ ಹೇಳಿ ಫೋನಿಟ್ಟರು. ನಾನು ಹೊರಗೆ ಬಂದು ಪಾರ್ಕಿಂಗಿನ ಉದ್ದಕ್ಕೂ ನೋಡಿದೆ. ತಮ್ಮನೂ ಇರಲಿಲ್ಲ, ಅವನ ಟೆಂಪೊ ಕೂಡ ಇರಲಿಲ್ಲ. ಟ್ಯಾಕ್ಸಿ ಹಿಡಿದು ಮಡಗಾಂವಿನ ಆಸ್ಪತ್ರೆಗೆ ಹೋದೆ.

ಅವ್ವ ಉಳಿದಳು. ಆಪರೇಶನ್ನಿನ ನಡುವೆ ಒತ್ತಡ ಒಮ್ಮೆ ಇಳಿದಿತ್ತಂತೆ, ಇಂಜೆಕ್ಷನ್ ಕೊಟ್ಟಿದ್ದರಿಂದ ನಿಭಾಯಿಸಿದೆವು ಎಂದು ವೈದ್ಯೆಯೇ ಹೇಳಿದರು. ಮಲ್ಲು ಬೆಳಗಿನಿಂದ ಎಲ್ಲಾದರೂ ಹೊರಗೆ ಹೋಗಿದ್ದನೇ ಎಂದು ವಾರ್ಡಿನ ನರ್ಸನ್ನು ಕೇಳಿದೆ. ಆಕೆ ನಕ್ಕು, ಚಹಾ ಕುಡಿದು ಬಾ ಎಂದರೂ ಅವ್ವನ ಮಂಚ ಬಿಟ್ಟು ಕದಲಲಿಲ್ಲ ಎಂದಳು.

ಮರುದಿನ ಅವ್ವನ ಸೀರೆ ತರಲು ಕೆಪೆಗೆ ಹೋದ ಮಲ್ಲುವಿಗೆ ತಲೆದಿಂಬಿನ ಚೀಲ ನೋಡಿ ಬಾ ಎಂದೆ. ಕಂದು ಬಣ್ಣದ ಪುಡಿಯ ಪೊಟ್ಟಣ ಹಿಡಿದುಕೊಂಡು ಬಂದ. ಮಲ್ಲು ಬೈಯುತ್ತಾನೆಂದು ಯಾರಿಗೂ ಹೇಳಿರಲಿಲ್ಲ ಎಂದಳು ಅವ್ವ. “ಬ್ಯಾರೆ ಔಷಧ ತಿಂತಿಯೇನಂತ ಸೂಜಿ ಚುಚ್ಚೋರು ಕೇಳಿದಾಗೂ ಸುಮ್ನ ಇದ್ನಿ. ಆದ್ರ ಇಡೀ ರಾತ್ರಿ ಅದೇ ಚಿಂತಿ ಇತ್ತವ್ವಾ.”

ನಾನೂ ಸುಮ್ಮನೆ ಬಿಡಲಿಲ್ಲ, ಕಾರಣ ಹುಡುಕಿದೆ. ಅದರ ಹಿಂದಿನ ತಿಂಗಳುಗಳಲ್ಲಿ ವಿಡಿಯೊ ಕರೆಯಲ್ಲಿ ಅವ್ವನ ಮುಖ ದುಂಡಗಾದದ್ದು ಕಂಡಿದ್ದೆ, ಮೈ ಹಿಡಿದಿದೆ ಎಂದು ನಕ್ಕಿದ್ದೆ. ಸ್ಟೆರಾಯ್ಡ್ ತಿಂದವರ ಮುಖ ಹಾಗಾಗುತ್ತದೆ. ನನ್ನೊಳಗಿನ ನರ್ಸ್ ಅದನ್ನು ಗುರುತಿಸಿ, ನಿದ್ದೆಗೆಟ್ಟ ಹೊತ್ತಿನಲ್ಲಿ ತಮ್ಮನ ಬಾಯಿಂದ ಹೇಳಿಸಿರಬಹುದು. ಒಪ್ಪಿದೆ. ಆದರೆ ಪುಡಿ ಎಲ್ಲಿದೆ ಎಂಬುದು ಮುಖ ನೋಡಿ ತಿಳಿಯುವ ವಿಷಯವಲ್ಲ. ಅಲ್ಲಿಗೆ ಬಂದು ನನ್ನ ಲೆಕ್ಕ ನಿಲ್ಲುತ್ತದೆ. ಇಷ್ಟು ವರ್ಷವಾದರೂ ಮುಂದೆ ಹೋಗಿಲ್ಲ.

ಅವ್ವನನ್ನು ಮನೆಗೆ ಕರೆತಂದ ದಿನ ಮಲ್ಲುವಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾನೆ, ಇಲ್ಲವೇ ಹೆದರುತ್ತಾನೆ ಅಂದುಕೊಂಡಿದ್ದೆ. ಅವನು ಎರಡನ್ನೂ ಮಾಡಲಿಲ್ಲ. ದೂರದ ಊರಲ್ಲಿರುವ ನೆಂಟನೊಬ್ಬನ ಕ್ಷೇಮ ವಿಚಾರಿಸುವ ಹಾಗೆ ಕೇಳಿದ:

“ನಾ ಅಲ್ಲಿ ಹ್ಯಾಂಗ ಇದ್ನಿ ಅಕ್ಕಾ? ಆರಾಮ ಇದ್ನಿಲ್ಲ?”

“ಆರಾಮ ಇದ್ದಿ. ಒಂದೀಟು ದಣದಿದ್ದಿ,” ಎಂದೆ.

ಅವನು ತಲೆಯಾಡಿಸಿ, ಅವ್ವನಿಗೆ ನೀರು ಕಾಯಿಸಲು ಎದ್ದು ಹೋದ.