ಅವ್ವನ ಕೈ, ಮಗಳ ಕೈ

ಕೊಟ್ಟೂರಿನ ಬಳೆ ಅಂಗಡಿ ಚಾಚಾ ಒಮ್ಮೆ ನನ್ನೊಬ್ಬಳನ್ನೇ ಇಬ್ಬರು ಹೆಂಗಸರೆಂದು ತಿಳಿದರು.

ಮದುವೆ ಕಾಲ, ಅಂಗಡಿ ತುಂಬ ಜನ. ತೂಗುಹಾಕಿದ ಬಳೆ ಸರಗಳ ಹಿಂದೆ ಕೂತ ಅವರಿಗೆ ಗಿರಾಕಿಗಳ ಮುಖ ಕಾಣುವುದಿಲ್ಲ, ಮುಂದೆ ಬಂದ ಕೈಗಳಷ್ಟೇ ಕಾಣುತ್ತವೆ. ನಾನು ಬಲಗೈ ಕೊಟ್ಟೆ; ಎಡಗೈ ಅದರ ಪಕ್ಕದಲ್ಲೇ ಅವರಿಗೆ ಕಾಣುವಂತಿತ್ತು. ಹದವಾಗಿ ಒತ್ತಿ, ಸಾದಾ ಹಸಿರು ಬಳೆ ಏರಿಸಿ, "ಅವ್ವಾರ, ನಿಮ್ಮದಾತು. ಈಗ ಮಗಳ ಕೈ ಕೊಡ್ರಿ" ಅಂದರು. ಯಾವ ಮಗಳು ಅಂತ ತಿಳಿಯದೆ ಎಡಗೈ ಕೊಟ್ಟೆ. ಅದಕ್ಕೆ ಚಮಕಿ ಬಳೆ ಹುಡುಕಿ ತೊಡಿಸುತ್ತ, "ನೋಡ್ರಿ, ಎಷ್ಟು ಮೆತ್ತಗೈತಿ. ಒಂದು ಕಾಲಕ್ಕ ನಿಮ್ಮದೂ ಹಿಂಗ ಇದ್ದಿರಬೇಕು" ಅಂದರು.

"ಚಾಚಾ, ಎರಡೂ ಕೈ ನನ್ನವ! ಶಾಲಿ ವ್ಯಾನ್ ಹೊಡೀತೀನಿ. ಬಲಗೈ ದಿನಾ ಕಿಟಕಿ ಬಿಸಿಲಾಗ ಇರ್ತೈತಿ."

ಅವರು ಸರಗಳನ್ನು ಸರಿಸಿ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಸಮಾಧಾನ ಮಾಡುವಂತೆ, "ಮುಖ ಇನ್ನೂ ಮಗಳದ ಐತ್ರಿ. ಬಲಗಡಿ ಗಲ್ಲ ಮಾತ್ರ ಅವ್ವನ ಕಡಿ ಹೊಂಟೈತಿ" ಅಂದರು.

ನಗು ಬಂತು, ಹೆದರಿಕೆಯೂ ಆಯಿತು. ಹರಪನಹಳ್ಳಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಹೇಳಿದ್ದೂ ಅದನ್ನೇ: ಬಿಸಿಲು ಚರ್ಮದ ಬಿಗಿ ಕಳೆಯುತ್ತದೆ, ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ.

ಈಗ ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿ, ಬಲಗೈಗೆ ಉದ್ದನೆಯ ತೋಳುಗವಸು ಹಾಕಿಕೊಂಡೇ ಗಾಡಿ ಹತ್ತುತ್ತೇನೆ. ಅವ್ವ ಮೈತುಂಬ ಹೊದ್ದುಕೊಂಡು ಸ್ಟೇರಿಂಗ್ ಹಿಡಿದಿರುತ್ತಾಳೆ. ಮಗಳು ಚಮಕಿ ಬಳೆ ಗಲಗಲ ಅನ್ನಿಸುತ್ತ ಗೇರ್ ಹಾಕುತ್ತಾಳೆ.